ಹೆಸರಿನ ಖಾನೆ ಖಾಲಿ

೧.
ಎಲ್ಲಿಂದ ಶುರು ಮಾಡಲಿ? ‘ಸ್ಮಶಾನದಲ್ಲಿ ಲ್ಯಾಪ್‌ಟಾಪ್ ತೆರೆದ ಹುಡುಗಿ’ ಅಂತ ಬರೆದಿದ್ದೆ. ದೆವ್ವದ ಕಥೆ ಅಂದುಕೊಂಡೀರಿ ಎಂದು ಹೊಡೆದುಹಾಕಿದೆ.

೨.
ಆದದ್ದು ಇಷ್ಟು. ಪಟ್ಟಂದೂರು ಅಗ್ರಹಾರದ ಹಳೆಯ ಸ್ಮಶಾನಕ್ಕೆ ಕಾಂಪೌಂಡ್ ಬರುವುದಿತ್ತು. ಶನಿವಾರ ನಾಲ್ಕಕ್ಕೆ ಸರ್ವೆಯರ್ ಬರುವಷ್ಟರಲ್ಲಿ ಪಟ್ಟಿ ಸೇರಿದ ಸಮಾಧಿಗಳು ಗೋಡೆಯೊಳಗೆ, ಉಳಿದವುಗಳ ಮೇಲೆ ರಸ್ತೆ. ಯಾವ ಗುಡ್ಡೆ ಯಾರದೆಂದು ಬಲ್ಲವಳು ಮುನಿಯಕ್ಕ ಒಬ್ಬಳೇ. ಅವಳ ಮೊಮ್ಮಗಳು ಲಾವಣ್ಯ ಪಕ್ಕದ ಐಟಿ ಪಾರ್ಕಿನಲ್ಲಿ ಟೆಸ್ಟರ್. ಅಜ್ಜಿ ಹೇಳಿದ್ದನ್ನು ಫೋಟೊ ಸಮೇತ ತುಂಬಲು ಅವಳೇ ಒಂದು ಆ್ಯಪ್ ಬರೆದಳು. (ಕಾಗದ ಸಾಲದಿತ್ತೇ? ಸಾಲುತ್ತಿತ್ತು. ಆಗ ಕಥೆ ಬರೆಯುವ ನನಗೆ ಕೆಲಸವಿರುತ್ತಿರಲಿಲ್ಲ.)

೩.
ಶುಕ್ರವಾರ ನಾಲ್ಕನೇ ಗುಡ್ಡೆಯ ಹತ್ತಿರ ಆ್ಯಪ್ ಹಟ ಹಿಡಿಯಿತು: ಹೆಸರು ಕಡ್ಡಾಯ.

“ಎಸ್ರಿಲ್ಲ ಕಣವ್ವ. ಮೂರ್ ದಿನದ ಮಗ.”

“ಯಾರ್ದಜ್ಜಿ?”

“ನಂದೇ.”

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದ ಲಾವಣ್ಯಳಿಗೆ ಇದು ಗೊತ್ತಿರಲಿಲ್ಲ. (ಇಲ್ಲಿ ಅವಳು ಅತ್ತಳೆಂದು ಬರೆದಿದ್ದೆ. ‘ನಾನ್ ಅಳ್ಲಿಲ್ಲ ಸಾರ್’ ಅಂದಳು. ತೆಗೆದೆ.)

೪.
ಆ ಸಂಜೆ ಅವಳು ಖಾನೆಗಳ ಡೇಟಾಬೇಸ್ ಬಿಟ್ಟು ಡಾಕ್ಯುಮೆಂಟ್ ಡೇಟಾಬೇಸಿಗೆ ಆ್ಯಪ್ ಜೋಡಿಸಿದಳು. ಅಲ್ಲಿ ಪ್ರತಿ ಸಮಾಧಿಗೂ ಬೇರೆಯದೇ ಒಂದು ಹಾಳೆ. ಇದ್ದದ್ದನ್ನು ಬರೆದರೆ ಸಾಕು, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಅದರ ವಿಳಾಸದ ಸಾಲು, ಅಂದರೆ ಕನೆಕ್ಷನ್ ಸ್ಟ್ರಿಂಗ್, ಬರೆದೊಡನೆ ‘ಕನೆಕ್ಟೆಡ್’ ಎಂದು ಬಂತು. ಶನಿವಾರ ಮಧ್ಯಾಹ್ನದೊಳಗೆ ನಲವತ್ತೊಂದು ಸಮಾಧಿ ತುಂಬಿದಳು.

ಮೂರೂವರೆಗೆ ಪಟ್ಟಿ ತೆರೆದರೆ ಖಾಲಿ.

೫.
ಸಹೋದ್ಯೋಗಿ ಪ್ರಸನ್ನನಿಗೆ ಫೋನ್ ಮಾಡಿದಳು.

“ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಡೇಟಾಬೇಸ್ ಹೆಸ್ರು ಹಾಕಿದ್ಯಾ?”

“ಅಲ್ಲೂ ಹೆಸ್ರು ಬೇಕಾ?”

“ಹಾಕ್ದೆ ಇದ್ರೆ ತಾನೇ ‘ಟೆಸ್ಟ್’ ಅನ್ನೋ ಒಂದ್ರೊಳಗೆ ಬರ್ದ್ಬಿಡುತ್ತೆ ಮಗಾ. ಪಟ್ಟಿ ಬೇರೆ ಕಡೆ ಹುಡುಕ್ತಿದೆ. ‘ಟೆಸ್ಟ್’ ತೆಗ್ದು ನೋಡು.”

ಇದ್ದವು. ನಲವತ್ತೊಂದೂ. ಲಾವಣ್ಯ ಪಟ್ಟಿಯನ್ನೂ ‘ಟೆಸ್ಟ್’ಗೇ ತಿರುಗಿಸಿದಳು.

೬.
ಸರ್ವೆಯರ್ ಶಿವಶಂಕರ್ ಪಟ್ಟಿ ಓದುತ್ತ ನಾಲ್ಕನೇ ಸಾಲಿನಲ್ಲಿ ನಿಂತರು. “ಮೇಡಂ, ಇದ್ರಲ್ಲಿ ಹೆಸ್ರಿಲ್ವಲ್ಲ?”

ಅಂತ್ಯ ಒಂದು: ಮುನಿಯಕ್ಕ ಮಗುವಿಗೆ ಅಲ್ಲೇ ಹೆಸರಿಡುತ್ತಾಳೆ. (ಚೆನ್ನಾಗಿತ್ತು. ಅವಳು ಒಪ್ಪಲಿಲ್ಲ. “ಈಗ್ ಎಸ್ರಿಟ್ರೆ ಅದು ಬೇರೆ ಮಗ ಆಯ್ತದೆ.”)

ಅಂತ್ಯ ಎರಡು: ಶಿವಶಂಕರ್ ಆ ಸಾಲನ್ನು ಕಾಟು ಹೊಡೆಯುತ್ತಾರೆ. (ಬರೆಯಲು ನನಗೇ ಮನಸ್ಸಾಗಲಿಲ್ಲ.)

ನಡೆದದ್ದು: ಲಾವಣ್ಯ “ಸಾರ್, ಹೆಸ್ರಿಲ್ಲ, ಜಾಗ ಇದೆ” ಅಂದಳು. ಅವರು ಒಂದು ಗಳಿಗೆ ಮುದುಕಿಯನ್ನು ನೋಡಿದರು. ಗೋಡೆ ಗುರುತಿನ ಸುಣ್ಣದ ಗೆರೆ ಆ ಗುಡ್ಡೆಯನ್ನು ಒಳಗಿಟ್ಟುಕೊಂಡು ಬಳಸಿ ಹೋಯಿತು.

೭.
ಗೋಡೆ ಇನ್ನೂ ಎದ್ದಿಲ್ಲ. ಗೆರೆಯ ಪ್ರಕಾರವೇ ಏಳುತ್ತದೆಂದು ನಾನು ಮಾತು ಕೊಡಲಾರೆ. ಕಥೆ ತುಂಬಲಿ ಎಂದು ಕೊನೆಗೊಮ್ಮೆ ಮುನಿಯಕ್ಕನನ್ನು ಕೇಳಿದೆ: ಮಗು ಹೇಗಿತ್ತು?

ಅವಳು ಸೆರಗಿನಿಂದ ಗುಡ್ಡೆಯ ಮೇಲಿನ ಎಲೆ ಕೊಡವುತ್ತಿದ್ದಳು.

“ಅದ್ನೂ ಬರ್ಕಂತೀಯಾ?” ಅಂದಳು.

ಪೆನ್ನು ಮುಚ್ಚಿದೆ. ಆಗ ಹೇಳಿದಳು.