ಮೇಷ್ಟ್ರ ಮಾತು ನಂಬಬೇಡಿ

ಅಕ್ಕ ಹೋದ ಸುದ್ದಿ ನನಗೆ ತಿಳಿದದ್ದು ತರಬೇತಿ ಕೇಂದ್ರದ ಮೆಟ್ಟಿಲ ಮೇಲೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಬೋರ್ಡಿನ ಮೇಲೆ ಬರೆಯುವ ಬಣ್ಣದ ಮಾರ್ಕರುಗಳು. ಫೋನು ಎತ್ತಲು ಮೂರನೆಯ ಕೈ ಇಲ್ಲದೆ ಮಾರ್ಕರುಗಳನ್ನು ಬಾಯಲ್ಲಿ ಕಚ್ಚಿಕೊಂಡೆ. ಆ ಕಡೆಯಿಂದ ಅಕ್ಕನ ಮಗ, "ಮಾವ, ಅಮ್ಮ ಹೋಗ್ಬಿಟ್ಲು. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಏಳ್ಲೇ ಇಲ್ಲ" ಎಂದ. ನಾನು ಕಚ್ಚಿದ್ದನ್ನು ಬಿಡದೆ "ಹ್ಞೂಂ" ಎಂದೆ. ಜೀವಮಾನವೆಲ್ಲ ಹೇಗೆ ಮಾತಾಡಬೇಕೆಂದು ಕಲಿಸಿದವನ ಬಾಯಿಂದ ಆ ಹೊತ್ತಿಗೆ ಹೊರಟದ್ದು ಅಷ್ಟೇ.

ಕತ್ತಲಾಗುವ ಮುಂಚೆ ಅಂತ್ಯಕ್ರಿಯೆ ಮುಗಿಸಬೇಕೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ, ಬೇಗ ಬನ್ನಿ ಎಂದು ಅವನು ಹೇಳಿದ. ಆಗಲಿ ಎಂದೆ. ಫೋನು ಇಟ್ಟ ಮೇಲೆ ನೆನಪಾಯಿತು, ಆ ದಿನ ಕೇಂದ್ರದ ಗಾಡಿಯ ಕೀಲಿಕೈ ನನ್ನ ಬಳಿ ಇರಲಿಲ್ಲ.

ಅದು ಹೇಗೆಂದು ಹೇಳಬೇಕು. ಹಲವು ದೇಶಗಳಲ್ಲಿ ಪರಿಹಾರದ ಕೆಲಸ ಮಾಡುವ ಒಂದು ಸೇವಾ ಸಂಸ್ಥೆಯಲ್ಲಿ ನಾನು ತಲೆ ನರೆಯುವವರೆಗೆ ದುಡಿದೆ. ನಿವೃತ್ತನಾದ ಮೇಲೆ, ನಡುವಯಸ್ಸಿನ ನೌಕರರಿಗೆ ಮುಂದಾಳುತನ ಕಲಿಸಲು ನನ್ನನ್ನು ಮತ್ತೆ ಕರೆದರು. ಬಾವಿ ತೋಡಿಸಿದವರು, ಶಿಬಿರ ನಡೆಸಿದವರು, ಲಸಿಕೆ ಹಾಕಿಸಿದವರು, ಎಲ್ಲರೂ ಇನ್ನು ಮುಂದೆ ಒಂದೊಂದು ದೇಶದ ಕಚೇರಿಗೆ ಮುಖ್ಯಸ್ಥರಾಗಬೇಕಾದವರು. ಅಕ್ಕನಿಗೆ ಇದನ್ನು ವಿವರಿಸಿದಾಗ ಅವಳು, "ಮೀಸೆ ಬೆಳ್ಳಗಾದೋರನ್ನ ಕೂಡಿಹಾಕಿ ಪಾಠ ಹೇಳ್ತೀಯಾ? ಅವರು ನಿನ್ನ ಮಾತು ಕೇಳ್ತಾರಾ? ನಮ್ಮನೆ ಬೆಕ್ಕೇ ಕೇಳಲ್ಲ" ಎಂದಿದ್ದಳು.

ತರಬೇತಿಯಲ್ಲಿ ಒಂದು ದಿನಕ್ಕೆ ಕೀಲಿಕೈ ದಿನವೆಂದು ಹೆಸರು. ಹೆಸರಿಟ್ಟವನೂ ನಾನೇ. ಅಂದು ಕೇಂದ್ರದ ಸಮಸ್ತವೂ, ಅಡುಗೆಮನೆಯಿಂದ ಗಾಡಿಯವರೆಗೆ, ಕಲಿಯುವವರ ಕೈಗೆ ಹೋಗುತ್ತದೆ. ನಾನು ಆಗಾಗ ಬಂದು ಸುಳ್ಳು ಸುದ್ದಿ ಹೇಳುತ್ತೇನೆ. ಗಾಬರಿಯಾಗದೆ ಏನು ಮಾಡಬೇಕೆಂದು ಅವರೇ ಕೂಡಿ ತೀರ್ಮಾನಿಸಬೇಕು. ಹಿಂದಿನ ಒಂದು ತಂಡ ಸುಸ್ತಾಗಿ, ಆಟ ಸಾಕು ಮಾಡಿ ಎಂದು ಗೋಗರೆದಿತ್ತು. ನಾನು ಕರಗಿ ಸಾಕು ಮಾಡಿಬಿಟ್ಟಿದ್ದೆ. ಆಮೇಲೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ ಇನ್ನೊಂದು ನಿಯಮ ಸೇರಿಸಿದೆ: ಸಂಜೆಯ ಗಂಟೆ ಬಾರಿಸುವ ತನಕ ಮೇಷ್ಟ್ರ ಮಾತು ನಂಬಬೇಡಿ, ಆಟ ಮುಗಿಯಿತೆಂದು ಅವರೇ ಹೇಳಿದರೂ ನಂಬಬೇಡಿ. ಈ ನಿಯಮದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಕೇಂದ್ರವಿರುವುದು ಊರಾಚೆ. ಬಾಡಿಗೆ ಕಾರು ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಬಸ್ಸು ಹತ್ತೂರು ಸುತ್ತಿ ರಾತ್ರಿ ತಲುಪುತ್ತದೆ. ಗಾಡಿ ಸಿಕ್ಕಿದರೆ ಅಕ್ಕನ ಮುಖ, ಇಲ್ಲದಿದ್ದರೆ ಇಲ್ಲ.

ಒಳಗೆ ಹೋಗಿ ಹೇಳಿದೆ. "ನನ್ನ ಅಕ್ಕ ತೀರಿಕೊಂಡಿದ್ದಾಳೆ. ಗಾಡಿ ಬೇಕು."

ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಸರಕು ಸಾಗಿಸುವ ವಿಭಾಗದವನೊಬ್ಬನಿದ್ದ, ಎಲ್ಲರೂ ಅವನನ್ನು ಗೋದಾಮು ಎಂದೇ ಕರೆಯುತ್ತಿದ್ದರು. ಅವನು ಕುರ್ಚಿಗೆ ಒರಗಿ, "ಸರ್, ಬೆಳಿಗ್ಗೆ ಸೇತುವೆ ಕೊಚ್ಕೊಂಡು ಹೋಯ್ತು ಅಂದ್ರಿ. ಈಗ ಅಕ್ಕ. ಊಟ ಆದ್ಮೇಲೆ ಯಾರನ್ನ ಇಟ್ಟಿದ್ದೀರಿ?" ಎಂದ. ನಕ್ಕರು. ಅಷ್ಟು ಸರಿಯಾದ ಹೊತ್ತಿಗೆ ಬಂದ ಮಾತು; ನನಗೂ ಅರ್ಧ ನಗು ಬಂತು. ಉಳಿದರ್ಧ ಅಳುವಾಯಿತು.

ಅತ್ತದ್ದು ಇನ್ನೂ ಕೆಟ್ಟದಾಯಿತು. ತಂಡದಲ್ಲಿದ್ದ ಲಸಿಕೆ ಡಾಕ್ಟರು ಉಳಿದವರ ಕಡೆ ತಿರುಗಿ, ಭಾವನೆಗೆ ನಾವು ಬಗ್ಗುತ್ತೇವೋ ಎಂದು ಸರ್ ನೋಡುತ್ತಿದ್ದಾರೆ, ಎಚ್ಚರ ಎಂದರು. ಅದು ನನ್ನದೇ ವಾಕ್ಯ, ಹಿಂದಿನ ದಿನ ಹೇಳಿಕೊಟ್ಟದ್ದು. ಆಮೇಲೆ ಬೋರ್ಡಿನ ಮೇಲೆ 'ಸುದ್ದಿ ದೃಢಪಟ್ಟಿಲ್ಲ' ಎಂದು ಬರೆದು, ಎರಡು ಸಮಿತಿ ಮಾಡಿದರು. ಒಂದು ಸತ್ಯಾಸತ್ಯ ಪರಿಶೀಲಿಸಲು, ಇನ್ನೊಂದು ಗಾಡಿಯ ಬೇರೆ ಉಪಯೋಗಗಳನ್ನು ತೂಗಿ ನೋಡಲು. ಯಾರೂ ಗಾಬರಿಯಾಗಲಿಲ್ಲ, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರಲಿಲ್ಲ. ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಮೈಗೂಡಿಸಿಕೊಂಡ ತಂಡವನ್ನು ನಾನು ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ.

ಕುರ್ಚಿಯೊಂದರಲ್ಲಿ ಕೂತು, ಆಟ ಮುಗಿಯಿತು ಎಂದೆ. ನಿಯಮ ತೋರಿಸಿದರು. ಫೋನು ತೋರಿಸಿದೆ. ಸೇತುವೆಯ ಸುದ್ದಿಯೂ ಅದೇ ಫೋನಿನಲ್ಲೇ ಬಂದಿತ್ತಲ್ಲವೇ ಎಂದರು. ದೇವರಾಣೆ ಎಂದೆ. ಡಾಕ್ಟರು ತುಸು ನೊಂದುಕೊಂಡು, ದೇವರನ್ನು ಆಟಕ್ಕೆ ತರಬಾರದಿತ್ತು ಸರ್ ಎಂದರು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದವರ ಕತೆ ಎಲ್ಲರೂ ಕೇಳಿರುತ್ತಾರೆ. ನಾನು ಬಿದ್ದದ್ದಲ್ಲದೆ, ಹತ್ತಿ ಬಾರದಂತೆ ಏಣಿಯನ್ನೂ ಮುಂಚೆಯೇ ತೆಗೆದಿಟ್ಟಿದ್ದೆ.

ಅವರಲ್ಲಿ ಒಬ್ಬಳು ಎಂಜಿನಿಯರ್ ಇದ್ದಳು, ಬರಡು ನಾಡುಗಳಲ್ಲಿ ಕುಡಿಯುವ ನೀರಿನ ಕೊಳವೆ ಹಾಕಿಸಿದವಳು. ಅವಳಿಗೆ ನಾನು ಹಿಂದಿನ ಸಂಜೆಯಷ್ಟೇ, ನಿಮ್ಮದು ಬಹಳ ಮೆತ್ತನೆಯ ಮನಸ್ಸು, ಮುಖ್ಯಸ್ಥರಾಗುವುದು ಕಷ್ಟ ಎಂದು ಬುದ್ಧಿ ಹೇಳಿದ್ದೆ. ಅವಳು ಅಷ್ಟು ಹೊತ್ತೂ ನನ್ನನ್ನೇ ನೋಡುತ್ತ ಕೂತಿದ್ದವಳು ಎದ್ದು, ಮೇಜಿನ ನಡುವೆ ಇದ್ದ ಕೀಲಿಕೈ ಎತ್ತಿಕೊಂಡಳು.

"ಮೇಡಂ, ಸಮಿತಿ ಇನ್ನೂ ತೀರ್ಮಾನ ಮಾಡಿಲ್ಲ" ಎಂದ ಗೋದಾಮು.

"ಮಾಡ್ಲಿ, ನಿಧಾನವಾಗಿ ಮಾಡ್ಲಿ. ಇದು ಆಟ ಆಗಿದ್ರೆ ನಾನು ಸೋತೆ, ಅಷ್ಟೇ. ನಿಜ ಆಗಿದ್ರೆ ಇವರಿಗೆ ಅಕ್ಕನ ಮುಖ ಮತ್ತೆ ಸಿಗುತ್ತಾ?" ಎಂದಳು. ಆಮೇಲೆ ನನಗೆ, "ಏಳಿ ಸರ್. ಚಪ್ಪಲಿ ಹಾಕ್ಕೊಳ್ಳಿ."

ನಾನು ಎದ್ದೆ. ಅಂಥ ಧ್ವನಿಗೆ ಯಾರಾದರೂ ಏಳುತ್ತಾರೆ.

ಗೋದಾಮು ತಾನೂ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತ. ತಂಡದ ಪರವಾಗಿ ಗಮನಿಸಲಂತೆ. ದಾರಿಯಲ್ಲಿ ಅವಳು ಅಕ್ಕನ ವಿಷಯ ಕೇಳಿದಳು. ನಮ್ಮಮ್ಮ ಬೇಗ ಹೋದದ್ದು, ಅಕ್ಕನೇ ನನ್ನನ್ನು ಸಾಕಿದ್ದು, ತಲೆ ಬಾಚುವಾಗ ಗಲ್ಲ ಹಿಡಿದು ತಿರುಗಿಸಿದ ರಭಸಕ್ಕೆ ನನ್ನ ಕತ್ತು ಇಂದಿಗೂ ಎಡಕ್ಕೆ ವಾಲಿರುವುದು, ಎಲ್ಲ ಹೇಳಿದೆ. ಹಿಂದಿನಿಂದ ಅವನು, "ಇಷ್ಟು ದೂರ ಪೆಟ್ರೋಲು ಸುಟ್ಟು ಪಾಠ ಮಾಡ್ತೀರಾ ಸರ್?" ಎಂದ. ಆದರೆ ಈ ಸಲ ಧ್ವನಿ ಗಟ್ಟಿಯಿರಲಿಲ್ಲ.

ನಾನು ಮನಸ್ಸಿನಲ್ಲೇ, ದೇವರೇ, ಸೂರ್ಯನನ್ನು ತುಸು ಹೊತ್ತು ಹಿಡಿದುಕೋ ಎಂದು ಬೇಡುತ್ತಿದ್ದೆ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಕೂತು ನಿನ್ನ ಚಿತ್ತದಂತಾಗಲಿ ಎನ್ನುವವನು, ಅಂದು ಅವನಿಗೇ ಕೆಲಸ ಹಂಚುತ್ತಿದ್ದೆ. ಅಭ್ಯಾಸಬಲ.

ಬೀದಿಯ ತಿರುವಿನಲ್ಲಿ ಮನೆ ಕಂಡಿತು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳು, ಬಾಗಿಲ ಮುಂದೆ ಚಪ್ಪಲಿಗಳ ರಾಶಿ, ಮೆಲ್ಲಗೆ ಮಾತಾಡುವ ನೆರೆಯವರು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಗೋದಾಮು ಗಾಡಿಯಿಂದ ಇಳಿದವನು ಅಲ್ಲೇ ನಿಂತುಬಿಟ್ಟ. ನಿಧಾನವಾಗಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ನನ್ನ ಸೋದರಳಿಯ ಹಿರಿಯರ ಬೈಗುಳ ತಿನ್ನುತ್ತ ನನಗಾಗಿ ಎಲ್ಲರನ್ನೂ ತಡೆದು ನಿಲ್ಲಿಸಿದ್ದ. ಒಳಗೆ ಹೋಗಿ ಅಕ್ಕನ ಮುಖ ನೋಡಿದೆ. ಯಾವುದೋ ತಮಾಷೆ ಹೇಳಹೊರಟು, ಇವನಿಗೆ ಅರ್ಥವಾಗುವುದಿಲ್ಲವೆಂದು ಸುಮ್ಮನಾದಂತಿತ್ತು. ಕಾಲು ಮುಟ್ಟಿದೆ, ಹಣೆ ಮುಟ್ಟಿದೆ. ತಣ್ಣಗಿತ್ತು.

ಎತ್ತುವ ಹೊತ್ತಿಗೆ ಒಂದು ಹೆಗಲು ಕಡಿಮೆಯಾಯಿತು. ನನ್ನ ಹೆಗಲು ಲೆಕ್ಕಕ್ಕೆ ಬರುವಂಥದಲ್ಲ. ಯಾರೂ ಕರೆಯದೆ ಗೋದಾಮು ಮುಂದೆ ಬಂದು ಹೆಗಲು ಕೊಟ್ಟ. ಎಲ್ಲ ಮುಗಿದು ಕೈಕಾಲು ತೊಳೆಯುವಾಗ ನನ್ನ ಬಳಿ ನಿಂತು, "ಸರ್, ನಾನು ಹಾಗೆ..." ಎಂದು ಅಲ್ಲಿಗೇ ನಿಲ್ಲಿಸಿದ.

"ನಾನು ಕಲಿಸಿದ್ದನ್ನೇ ನೀನು ಮಾಡಿದೆ ಕಣಪ್ಪ. ಕಲಿಸಿದ್ದು ಸರಿಯಿರಲಿಲ್ಲ" ಎಂದೆ.

ಅವರಿಬ್ಬರೂ ಹೊರಟ ಮೇಲೆ, ಅಂಗಳದ ಕುರ್ಚಿಯೊಂದರಲ್ಲಿ ಕೂತು ಕಣ್ಣು ಮುಚ್ಚಿದೆ. ದೇವರೇ, ನನ್ನ ಅಕ್ಕ ನಿನ್ನ ಬಳಿ ಬಂದಿದ್ದಾಳೆ. ಸುಮ್ಮನೆ ಕೂತು ಅವಳಿಗೆ ಗೊತ್ತಿಲ್ಲ. ಅಲ್ಲಿಯೂ ಏನಾದರೂ ಕೆಲಸ ಹುಡುಕುತ್ತಾಳೆ. ಕೂರಿಸು. ಹೆಚ್ಚು ಮಾತಾಡಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಪ್ರೀತಿಯಿದ್ದಲ್ಲೇ ಅವಳು ಮಾತಾಡುವುದು. ಬಹಳ ದಣಿದಿದ್ದಾಳೆ. ಅವಳ ದಣಿವು ಕಳೆಯಲಿ, ಅವಳ ಆತ್ಮಕ್ಕೆ ನಿನ್ನಲ್ಲಿ ಶಾಂತಿ ಸಿಗಲಿ.