ಕಂಬ ಹಿಡಿದ ಕೈ

ಬಸ್ಸು ಸ್ಟಾಪು ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು. ಕಾಯುತ್ತಿದ್ದವರೆಲ್ಲ ಬೈಯುತ್ತಾ ಓಡಿ ಬಂದರು. ಹೊಸ ಡ್ರೈವರಮ್ಮನ ಕಿವಿ ಬಿಸಿಯಾಯಿತು.

"ಇರಲಿ ಬಿಡಮ್ಮ, ಬೆಳಗಿನ ಹೊತ್ತು ಓಡಿದ್ರೆ ಆರೋಗ್ಯಕ್ಕೆ ಒಳ್ಳೇದು," ಎಂದ ಕಂಡಕ್ಟರು, ಬಾಗಿಲ ಪಕ್ಕದ ಕಂಬಕ್ಕೆ ತೋಳು ಸುತ್ತಿಕೊಂಡು.

ಕನ್ನಡಿಯಲ್ಲಿ ಕಾಣುತ್ತಿದ್ದ ಆ ತೋಳೇ ಅವಳ ಕಣ್ಣು ಚುಚ್ಚುತ್ತಿತ್ತು. ಈ ಡಿಪೋದಲ್ಲಿ ಹೊಸಬರನ್ನು ಪಾಸು ಮಾಡುವುದು ಕಂಡಕ್ಟರನ ಕೈ. ಸಂಜೆ ಮ್ಯಾನೇಜರು ಅವನನ್ನು ಕೇಳುವುದು ಒಂದೇ ಮಾತು: "ಕಂಬ ಬಿಟ್ಟೆಯಾ?" ಬಿಟ್ಟೆ ಎಂದರೆ ನಾಳೆಯಿಂದ ಈ ರೂಟು ಅವಳದು. ಇಲ್ಲ ಎಂದರೆ ಮತ್ತೆ ಅದೇ ಕೆಲಸ, ತೊಳೆದ ಖಾಲಿ ಬಸ್ಸುಗಳನ್ನು ಶೆಡ್ಡಿಗೆ ತಂದು ನಿಲ್ಲಿಸುವುದು. ಅದು ಅವಳಿಗೆ ನೀರು ಕುಡಿದಷ್ಟು ಸಲೀಸು. ಗೋಡೆಗೆ ಗೇಣು ಜಾಗ ಬಿಟ್ಟು ನಿಲ್ಲಿಸುತ್ತಿದ್ದಳು. ಆದರೆ ಮನುಷ್ಯರಿಲ್ಲದ ಬಸ್ಸು ಓಡಿಸಿ ಓಡಿಸಿ ಸಾಕುಸಾಕಾಗಿತ್ತು.

ಓಡಿ ಬಂದವರಲ್ಲಿ ಅವಳ ಅತ್ತೆಯೂ ಇದ್ದರು. ಮಗಳ ಮನೆಗೆ ಮೊಟ್ಟೆ ಕೊಟ್ಟು ಬರುವುದು ನೆಪ. ಸೊಸೆಯ ಮೊದಲ ದಿನ ನೋಡದೆ ಅವರ ಜೀವ ಸುಮ್ಮನಿರುತ್ತಿರಲಿಲ್ಲ. ಡ್ರೈವರ್ ಸೀಟಿನ ಹಿಂದೆಯೇ ಕೂತು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಏದುಸಿರು ಬಿಟ್ಟರು.

"ಈ ವಯಸ್ಸಲ್ಲಿ ನನ್ನ ಓಡಿಸ್ತೀಯಲ್ಲೇ!"

ಮುಂದಿನ ಸ್ಟಾಪಿನಲ್ಲಿ ದಾಟಬಾರದೆಂದು ಅವಳು ಬ್ರೇಕನ್ನು ಬಲವಾಗಿ ಒತ್ತಿದಳು. ಬಸ್ಸು ಸರಿಯಾದ ಜಾಗಕ್ಕೇ ನಿಂತಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬುಟ್ಟಿಯಲ್ಲಿ ಏನೋ ಚಟ್ ಎಂದಿತು.

"ಬಸ್ಸಿಗೇನೋ ಬ್ರೇಕ್ ಹಾಕಿದೆ. ಜನಕ್ಕೆ ಯಾರಮ್ಮ ಹಾಕ್ತಾರೆ?" ಎಂದ ಕಂಡಕ್ಟರು. ಈಗ ಎರಡೂ ತೋಳು ಕಂಬಕ್ಕೆ ಸುತ್ತಿದ್ದವು.

ಎಲ್ಲರೂ ನಕ್ಕರು. ಅವಳಿಗೆ ಅಳು ಬಂತು, ನುಂಗಿಕೊಂಡಳು. ಆದರೆ ಮಾತು ಮಾತ್ರ ತಲೆಯೊಳಗೆ ಕೂತುಬಿಟ್ಟಿತು. ಕಾಲಿನ ಬಲ ಅದೇ, ಬ್ರೇಕೂ ಅದೇ. ಖಾಲಿ ಬಸ್ಸು ಒತ್ತಿದ ಕೂಡಲೇ ನಿಲ್ಲುತ್ತಿತ್ತು. ಹೊರಡುವಾಗಲೂ ಅಷ್ಟೆ, ಚಂಗನೆ ಚಿಮ್ಮುತ್ತಿದ್ದದ್ದು ಇವತ್ತು ಎದ್ದೇಳಲೇ ಗೊಣಗುತ್ತದೆ. ಇಷ್ಟೂ ಜನರ ಭಾರ ಬಸ್ಸಿನ ಜೊತೆ ಅದೇ ವೇಗದಲ್ಲಿ ಓಡುತ್ತಿದೆ. ಚಕ್ರ ನಿಂತರೂ ಅವರ ಓಟ ನಿಲ್ಲುವುದಿಲ್ಲ. ನಿದ್ದೆಹೋದ ಮಗನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಅವಳು ಕೊನೆಯ ಮೆಟ್ಟಿಲಿಗೆ ಬಂದು ನಿಧಾನಿಸುತ್ತಾಳೆಯೇ? ಮೇಲಿನಿಂದಲೇ ನಿಧಾನಿಸುತ್ತಾಳೆ.

ಇಳಿಜಾರಿನ ಕೊನೆಗೆ ಮಾರುಕಟ್ಟೆಯ ಸ್ಟಾಪು. ಬಸ್ಸಿನಲ್ಲಿ ಈಗ ಕಾಲಿಡಲು ಜಾಗವಿಲ್ಲ. ಇಳಿಜಾರಿನ ಮೇಲ್ತುದಿಯ ಔಷಧಿ ಅಂಗಡಿಯ ಹತ್ತಿರವೇ ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆದಳು.

"ಇಷ್ಟು ಬೇಗ ನಿಲ್ಲಿಸ್ತೀಯೇನೇ?" ಎಂದರು ಅತ್ತೆ.

"ಸುಮ್ನಿರಿ ಅತ್ತೆ."

ಬ್ರೇಕನ್ನು ಮೆಲ್ಲಗೆ ಒತ್ತಿ ಹಾಗೇ ಹಿಡಿದಳು. ಭಾರ ಮುಂದಕ್ಕೆ ತಳ್ಳುವುದು ಪಾದಕ್ಕೆ ಗೊತ್ತಾಗುತ್ತಿತ್ತು. ತಳ್ಳಲಿ ಎಂದುಕೊಂಡಳು, ಅದಕ್ಕೆ ಬೇಕಾದಷ್ಟು ದಾರಿ ಇಟ್ಟಿದ್ದಳಲ್ಲ. ವೇಗ ಕರಗುತ್ತ ಬಂತು. ನಿಲ್ಲುವ ಗಳಿಗೆಯಲ್ಲಿ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಸ್ಟಾಪಿನ ಹಲಗೆ ಬಾಗಿಲಿಗೆ ನೇರವಾಗಿ ಬಂತು. ಯಾರೂ ಅಲುಗಲಿಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಕನ್ನಡಿ ನೋಡುವುದೂ ಮರೆತುಹೋಯಿತು.

"ಏನಮ್ಮಾ, ಸ್ಟಾಪು ಇನ್ನೂ ಬಂದಿಲ್ವಾ?" ಎಂದಿತು ಹಿಂದಿನಿಂದ ಕಂಡಕ್ಟರನ ದನಿ.

"ಬಂದು ನಿಂತಾಯ್ತು ಕಣಪ್ಪ. ಇಳಿಯೋರಿಗೆ ದಾರಿ ಬಿಡು," ಎಂದರು ಅತ್ತೆ, ಸೊಸೆಯ ಬೆನ್ನು ತಟ್ಟುತ್ತ.

ಅವಳು ಆಗ ಕನ್ನಡಿ ನೋಡಿದಳು. ಜನರ ಉಸಿರಿಗೆ ಮಂಜಾದ ಕನ್ನಡಕವನ್ನು ಕಂಡಕ್ಟರು ಅಂಗಿಯ ಅಂಚಿನಿಂದ ಒರೆಸುತ್ತಿದ್ದ, ಎರಡೂ ಕೈಯಲ್ಲಿ. ಪಕ್ಕದಲ್ಲಿ ಕಂಬ ಒಂಟಿಯಾಗಿ ನಿಂತಿತ್ತು. ಅವನ ತೋಳಿನ ಬೆವರು ಅದರ ಮೇಲೆ ಇನ್ನೂ ಆರಿರಲಿಲ್ಲ.