ತುಂಗಾ ಸಹಿ ಹಾಕಿದ ಕಾಗದ

ತೋಟಕ್ಕೆ ಆನೆ ಬಂದಿದೆ ಅಂದರೆ ಜಾವಳಿ ಕಡೆಯ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ. ಮಕ್ಕಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಕಾಫಿ ಹಣ್ಣು ಕೊಯ್ಯಲು ಹೋಗುವುದು. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಆನೆಯ ಭಯ, ಅಂಗಳದಲ್ಲಿ ಬಿಟ್ಟರೂ ಆನೆಯ ಭಯ, ಕೆಲಸ ತಪ್ಪಿಸಿದರೆ ಹಾಜರಿ ಬರೆಯುವ ರೈಟರ ಭಯ. ನಾನು ಈ ಊರಿನ ಆಶಾ ಕಾರ್ಯಕರ್ತೆ, ಯಶೋದಾ. ಎಷ್ಟೋ ಮನೆಯಲ್ಲಿ "ಬೀಗ ಸರಿಯಾಗಿ ಹಾಕಿದ್ಯೇನೇ?" ಎಂದು ನಾನೇ ಕೇಳಿದ್ದೇನೆ.

ಜನವರಿಯ ಒಂದು ಬೆಳಿಗ್ಗೆ ತುಂಗಾ ಹಾಗೆ ಬೀಗ ಹಾಕಿ ಹೋದಳು. ಅವಳ ಗಂಡ ಧರ್ಮೇಶ್ ನೆರಳಿನ ಮರದ ಕೊಂಬೆ ಕಡಿಯುವಾಗ ಬಿದ್ದು, ಸೊಂಟ ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿದ್ದ. ಮನೆಯೊಳಗೆ ಇದ್ದದ್ದು ನಾಲ್ಕು ವರ್ಷದ ಗಾನಶ್ರೀ ಒಬ್ಬಳೇ. ಹಸಿವಾದಾಗ ಮಗು ಒಲೆಯ ಮೇಲಿದ್ದ ಬಿಸಿ ಗಂಜಿಯ ಪಾತ್ರೆ ಎಳೆದುಕೊಂಡಿತು. ಬಲಗೈ ಮೊಣಕೈವರೆಗೆ ಬೆಂದು ಹೋಯಿತು.

ಕೂಗು ಕೇಳಿ ದಾರಿಯಲ್ಲಿ ಹೋಗುತ್ತಿದ್ದವರು ಬೀಗ ಒಡೆದರು, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅವರು ಮಾಡಿದ್ದು ಸರಿ. ಕೈಗೆ ಔಷಧಿ ಆದ ಮೇಲೆ ಸಹಾಯವಾಣಿಯವರು ಮಗುವನ್ನು ಚಿಕ್ಕಮಗಳೂರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದರು. ವಿಚಾರಣೆ ಮುಗಿಯುವವರೆಗೆ ಅಲ್ಲೇ ಒಂದು ಮಕ್ಕಳ ಆಶ್ರಮದಲ್ಲಿ ಇರಿಸಿದರು.

ಮನೆಯ ಪರಿಸ್ಥಿತಿ ಏನು ಎಂದು ಕೇಳಿ ಸಮಿತಿಯಿಂದ ತುಂಗಾಳಿಗೆ ಕಾಗದ ಬಂತು. ಅವಳು ಅದನ್ನು ಎಸ್ಟೇಟಿನ ರೈಟರ್ ಶೇಷಪ್ಪನ ಹತ್ತಿರ ಒಯ್ದಳು. "ನಾನು ಬರ್ದು ಕೊಡ್ತೀನಿ ಬಿಡು," ಎಂದ ಅವನು. ಬರೆದ, ಕೆಳಗೆ ಒಂದು ಗೀಟು ಹಾಕಿ ಬೆರಳಿಟ್ಟು ತೋರಿಸಿದ. ತುಂಗಾ ಐದನೇ ಕ್ಲಾಸು ಓದಿದವಳು, ನಿಧಾನವಾಗಿ ಓದಬಲ್ಲಳು. ಆದರೆ ಪ್ರತಿ ಶನಿವಾರ ಹಾಜರಿ ಪುಸ್ತಕದಲ್ಲಿ ರೈಟರ್ ಬೆರಳಿಟ್ಟ ಕಡೆ ಸಹಿ ಹಾಕುವುದು ಲೈನಿನವರ ಕೈಗೆ ಅಭ್ಯಾಸವಾಗಿ ಹೋಗಿದೆ. ಆ ದಿನವೂ ಅವಳು ಹಾಗೇ ಹಾಕಿದಳು.

ಸಮಿತಿಯವರು ಆ ಕಾಗದ ತೋರಿಸಿ, "ಇದು ನಿಮ್ಮ ಸಹಿನಾ?" ಎಂದು ಕೇಳಿದರು. "ಹೌದು," ಅಂದಳು. "ಬೇರೇನಾದರೂ ಹೇಳುವುದಿದೆಯಾ?" ಎಂದರು. ತುಂಗಾ ತಲೆ ತಗ್ಗಿಸಿ ನಿಂತಳು. ಮೂಡಿಗೆರೆ ಬಸ್ಸು ಹತ್ತಿ ವಾಪಸು ಬಂದಳು. ಎರಡನೇ ಸಲವೂ ಹಾಗೇ ಆಯಿತು.

ಮಾರ್ಚಿನಲ್ಲಿ ನಮಗೆ, ಆಶಾಗಳಿಗೆ, ಮೂಡಿಗೆರೆ ಕೋರ್ಟಿನವರು ಕಾನೂನು ನೆರವಿನ ಬಗ್ಗೆ ಒಂದು ಸಭೆ ಮಾಡಿದರು. ಕೇಳುತ್ತಾ ಕೂತವಳಿಗೆ ತುಂಗಾ ನೆನಪಾದಳು. ಸಂಜೆಯೇ ಲೈನಿಗೆ ಹೋದೆ. ಅವಳು ಪೆಟ್ಟಿಗೆಯಿಂದ ಆ ಕಾಗದದ ಜೆರಾಕ್ಸ್ ತೆಗೆದು ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ: 'ಕೆಲಸದ ಕಾರಣ ಮಗುವನ್ನು ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ. ಮಗು ಅಲ್ಲೇ ಇರಲಿ.'

ತುಂಗಾ ಗೋಡೆಗೆ ಒರಗಿ ಕೂತಳು. "ನಾನು ಹಂಗೆ ಹೇಳೇ ಇಲ್ಲ ಯಶೋದಕ್ಕ."

"ಆನೆ ಬಂದಿತ್ತು ಅಂತ ಇದರಲ್ಲಿ ಎಲ್ಲೂ ಇಲ್ವಲ್ಲೇ. ಕೆಲಸದವ್ರ ಮಕ್ಕಳನ್ನ ನೋಡ್ಕೊಳಕ್ಕೆ ಅಂತ ಇರೋ ರೂಮಲ್ಲಿ ಎಸ್ಟೇಟಿನವ್ರು ಗೊಬ್ಬರದ ಚೀಲ ತುಂಬಿರದೂ ಇಲ್ಲ. ಧರ್ಮೇಶ ಬಿದ್ದಿದ್ದೂ ಇಲ್ಲ. ನಾಳೆ ಕೋರ್ಟಿಗೆ ಹೋಗಾಣ, ವಕೀಲ್ರನ್ನ ಕೊಡ್ತಾರೆ."

"ವಕೀಲ್ರಿಗೆ ಕೊಡಕ್ಕೆ ನನ್ಹತ್ರ ಎಂತ ಇದೆ?"

"ಎಂತದೂ ಕೊಡೋ ಹಂಗಿಲ್ಲ. ಹೆಂಗಸ್ರಿಗೆ ಬಿಟ್ಟಿ, ಸರ್ಕಾರದ್ದೇ ಕಾನೂನು."

ಅವಳು ಜೆರಾಕ್ಸನ್ನು ಮಡಿಸಿ ಮತ್ತೆ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಕೇಳಿದ ಮಾತು ನನಗೆ ಇವತ್ತಿಗೂ ನೋಯುತ್ತದೆ. "ಬೀಗ ಹಾಕಿದ್ದು ನಾನೇ ಅಲ್ವಾ ಅಕ್ಕ? ಮಗು ಸುಟ್ಕೊಂಡಿದ್ದು ನನ್ನಿಂದಾನೇ. ತಪ್ಪು ಮಾಡ್ದೋರ ಪರ ಯಾರು ಮಾತಾಡ್ತಾರೆ?"

"ತಪ್ಪು ಮಾಡ್ದೋರಿಗೇ ಮಾರಾಯ್ತಿ, ಜೊತೆಗೆ ನಿಂತು ಮಾತಾಡೋರು ಬೇಕಾಗದು."

"ರೈಟರ್ ಲೈನಿಂದ ಎಬ್ಬಿಸಿದ್ರೆ?"

"ಅದನ್ನೂ ವಕೀಲ್ರಿಗೇ ಹೇಳಾಣ," ಎಂದೆ.

ಮರುದಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟೆವು. ವಕೀಲೆ ಸ್ವಾತಿ ಸಿಕ್ಕರು. ಬೈಯಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ಆ ದಿನ ನಡೆದದ್ದನ್ನೆಲ್ಲ ತುಂಗಾಳ ಬಾಯಿಂದಲೇ ಹೇಳಿಸಿ ಬರೆದುಕೊಂಡರು. ಆನೆ ಇದೆ ಎಂದು ಅರಣ್ಯ ಇಲಾಖೆಯಿಂದ ಬಂದಿದ್ದ ಮೆಸೇಜು ನನ್ನ ಫೋನಿನಲ್ಲೇ ಇತ್ತು. ಚೀಲ ತುಂಬಿದ ರೂಮಿನ ಫೋಟೋ ತೆಗೆಸಿದರು. "ಇನ್ನು ಮೇಲೆ ಮಗು ಯಾರ ಹತ್ರ ಇರುತ್ತೆ? ಮಕ್ಕಳ ಸಮಿತಿಯವ್ರು ಮೊದಲು ಕೇಳೋದೇ ಅದು," ಎಂದರು. ಅತ್ತಿಗುಂಡಿಯಿಂದ ತುಂಗಾಳ ತಾಯಿ ಬಸಮ್ಮ ಬಂದು ಜೊತೆಗಿರುವುದಾಗಿ ಬರೆದುಕೊಟ್ಟರು.

ಮೂರನೇ ಸಲ ಮಕ್ಕಳ ಸಮಿತಿಯ ಮುಂದೆ ಸ್ವಾತಿ ಮೇಡಂ ಪಕ್ಕದಲ್ಲಿದ್ದರು. ತುಂಗಾ ತಲೆಯೆತ್ತಿ ಮಾತಾಡಿದಳು. ಸಮಿತಿಯವರು ಕೇಳಿಸಿಕೊಂಡರು, ಲೈನಿಗೆ ಬಂದು ನೋಡಿ ಹೋದರು. ಏಪ್ರಿಲ್ ಕೊನೆಗೆ ಮಗುವನ್ನು ಮನೆಗೆ ಕಳಿಸಿದರು. ಇನ್ನು ಬೀಗ ಹಾಕಬಾರದು, ತಿಂಗಳಿಗೊಮ್ಮೆ ಬಂದು ನೋಡುತ್ತೇವೆ ಎಂಬ ಷರತ್ತು ಇದೆ. ಅದು ಇರಬೇಕಾದದ್ದೇ. ರೈಟರ್ ಮಾತ್ರ ತುಂಗಾಳ ಜೊತೆ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಗೊಬ್ಬರದ ಚೀಲಗಳು ಇನ್ನೂ ಆ ರೂಮಿನಲ್ಲೇ ಇವೆ, ಅದಕ್ಕೂ ಅರ್ಜಿ ಹಾಕಿದ್ದೇವೆ.

ಗಾನಶ್ರೀ ಬಂದ ದಿನ ನಾನೂ ಅಲ್ಲಿದ್ದೆ. ತುಂಗಾ ಅನ್ನ ಬಡಿಸಲು ಕರೆದಳು. ಮಗು ತಟ್ಟೆ ಹಿಡಿದುಕೊಂಡು ಬಾಗಿಲ ಹತ್ತಿರ ಗೋಡೆಗೆ ಬೆನ್ನು ತಾಗಿಸಿ ನಿಂತಿತು. "ಬಾರೇ ಪುಟ್ಟಿ, ಕೂತ್ಕೋ," ಎಂದರೂ ಅಲ್ಲಾಡಲಿಲ್ಲ. ಆಶ್ರಮದ ಊಟದ ಸಾಲಿನಲ್ಲಿ ನಿಂತ ಹಾಗೆ, ಮುಂದೆ ನಿಲ್ಲಬೇಕಾದ ಮಕ್ಕಳು ಬರಲಿ ಎಂದು ಕಾಯುತ್ತಿತ್ತು. ತುಂಗಾ ಸೌಟು ಹಿಡಿದೇ ಅತ್ತಳು.

ನಾನು ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದು ಬಾಗಿಲು ತೆಗೆದೆ. ಗೋಡೆಯ ಮೇಲೆ ಉಚಿತ ಕಾನೂನು ನೆರವಿನ ಪೋಸ್ಟರ್ ಇತ್ತು. ಹಿಂದಿನ ವರ್ಷ ಮೈದಾ ಅಂಟು ಕಲಸಿ ಅದನ್ನು ಅಂಟಿಸಿದವಳು ನಾನೇ. ಓದಿರಲಿಲ್ಲ. ಓದಿದ್ದರೆ ಆ ಮಗು ಜನವರಿಯಲ್ಲೇ ತಾಯಿಯ ಹತ್ತಿರ ಬರುತ್ತಿತ್ತೋ ಏನೋ.

ನಮ್ಮ ಮಹಿಳಾ ಸಂಘದ ಅಕ್ಕ ತಂಗಿಯರೇ, ಮಗುವಿನ ವಿಷಯದಲ್ಲಿ ಯಾವ ಕಾಗದ ಬಂದರೂ ಓದಿಸಿ ಕೇಳದೆ ಸಹಿ ಹಾಕಬೇಡಿ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಬ್ಬರೇ ನಿಲ್ಲಬೇಡಿ. ಹತ್ತಿರದ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರು ಉಚಿತ. ಈ ನಂಬರನ್ನು ಇವತ್ತೇ ಫೋನಿನಲ್ಲಿ ಹಾಕಿಕೊಳ್ಳಿ. ನನ್ನ ಹಾಗೆ ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ.